ಸೊಣ್ಣಪ್ಪನ ನೊರೆ ಇಜ್ಜಲು

ಮೈಸೂರು ಮೈನ್ಸ್ ಅನ್ನುವ ಗಣಿಯ ಚಿನ್ನ ಕರಗಿಸುವ ಮನೆಯಲ್ಲಿ ಆಯುಸ್ಸಿನ ಮುಕ್ಕಾಲು ಪಾಲು ಕಳೆದ ಸೊಣ್ಣಪ್ಪ ಅಲ್ಲಿಂದ ಮನೆಗೆ ತಂದದ್ದು ಎರಡೇ. ಕುಲುಮೆಯ ಬೆಳಕಿಗೆ ಕಿರಿದಾಗಿ ಹೋದ ಕಣ್ಣು ಒಂದು, ಅಂಚಿನಲ್ಲಿ ಬಿರುಕು ಬಿಟ್ಟ ಹಳೆಯ ಮೂಸೆ ಇನ್ನೊಂದು. ಮೂಸೆ ಅಂದರೆ ಚಿನ್ನ ಕರಗಿಸುವ ಆ ದಪ್ಪ ಕರೀ ಮಡಕೆ. ಅದನ್ನೂ ಅವನು ಕದ್ದು ತಂದವನಲ್ಲ. ಗುಜರಿ ಹರಾಜಿನಲ್ಲಿ ಕೂಗಿ ಕೊಂಡು, ಹಾಡುಹಗಲಲ್ಲೇ ಮಾರಿಕುಪ್ಪಂ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂಗಾರಪೇಟೆಗೆ ಬಂದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಊರಿಗೆ ತಂದ. ಅದೇ ತಪ್ಪಾಯಿತು ನೋಡಿ. ಗೋಣಿಚೀಲದಲ್ಲಿ ಮುಚ್ಚಿ ತಂದಿದ್ದರೆ ಅದೇನೆಂದು ಯಾರೂ ಕೇಳುತ್ತಿರಲಿಲ್ಲವೇನೋ. ಎಲ್ಲರ ಕಣ್ಣಿಗೂ ಬೀಳುವ ಹಾಗೆ ತಂದದ್ದರಿಂದ, ಕದ್ದದ್ದನ್ನು ರಾಜಾರೋಷವಾಗಿ ತಂದನಲ್ಲ, ಇವನೆಂಥ ಗಟ್ಟಿಗನಪ್ಪಾ ಎಂದು ಊರು ಮೂಗಿನ ಮೇಲೆ ಬೆರಳಿಟ್ಟುಕೊಂಡಿತು.

ಗಟ್ಟಿಗತನ ಎಲ್ಲಿಂದ ಬರಬೇಕು ಆ ಮನುಷ್ಯನಿಗೆ! ಪಾಳಿ ಮುಗಿಸಿ ಹೊರಗೆ ಬರುವಾಗ ಗಣಿಯ ಗೇಟಿನಲ್ಲಿ ಪ್ರತಿದಿನ ಎರಡೂ ಕೈ ಎತ್ತಿ ನಿಲ್ಲಬೇಕು. ಬಾಯಿ ತೆರೆಯಬೇಕು. ನಾಲಗೆ ಎತ್ತಿ ತೋರಿಸಬೇಕು. ಕಾವಲಿನವನು ಬ್ಯಾಟರಿ ಬಿಟ್ಟು ಹಲ್ಲಿನ ಸಂದಿಯನ್ನೂ ಬಿಡದೆ ನೋಡುತ್ತಿದ್ದ. ಅಷ್ಟು ವರ್ಷಗಳಲ್ಲಿ ಸೊಣ್ಣಪ್ಪನ ಬಾಯಲ್ಲಿ ಎಲೆಅಡಿಕೆಯ ಚೂರು ಬಿಟ್ಟು ಬೇರೇನೂ ಸಿಕ್ಕಿದ್ದಿಲ್ಲ. ಆದರೂ ಮಾರನೆಯ ದಿನ ಮತ್ತೆ ಕೈ ಎತ್ತು, ಬಾಯಿ ತೆಗೆ. ಮದುವೆಯಾದ ಹೊಸತರಲ್ಲೂ ಅದೇ, ತಲೆ ನರೆತ ಮೇಲೂ ಅದೇ. "ಏನೂ ತಗೊಂಡಿಲ್ಲಪ್ಪಾ" ಎಂದರೆ "ಸರಿ, ಹೋಗು" ಅನ್ನುವ ಒಬ್ಬನೇ ಒಬ್ಬ ಮನುಷ್ಯ ಸಾಯುವುದರೊಳಗೆ ಸಿಗಲಿ ಅನ್ನುವುದಷ್ಟೇ ಅವನ ಆಸೆಯಾಗಿತ್ತು. ಬೇರೆಯವರು ಮನೆ ಬೇಕು, ಹೊಲ ಬೇಕು ಎಂದು ಮುನೇಶ್ವರನಿಗೆ ಹರಕೆ ಹೊತ್ತರೆ ಇವನದು ಈ ಹರಕೆ.

ಹೆಂಡತಿ ಮುನಿನಾರಾಯಣಮ್ಮನಾದರೂ ತನ್ನ ಮಾತು ನಂಬುತ್ತಾಳಲ್ಲ ಅನ್ನುವುದು ಅವನಿಗೆ ದೊಡ್ಡ ಸಮಾಧಾನ. ಪಾಪ, ಅವಳೇನು ಕಮ್ಮಿ ಮಾತು ಕೇಳಿದ್ದಳೇ? ತವರು ಕಾಮಸಮುದ್ರಕ್ಕೆ ಮದುವೆ ಮುಂಜಿಗೆ ಹೋದಾಗಲೆಲ್ಲ ಅತ್ತಿಗೆಯರು ಅವಳ ಕಿವಿ ಹಿಡಿದು ತಿರುಗಿಸಿ ನೋಡುತ್ತಿದ್ದರು. "ಗಂಡ ದಿನಾ ಚಿನ್ನ ಕುದಿಸ್ತಾನೆ, ಇವಳ ಕಿವೀಲಿ ನೋಡ್ರಮ್ಮಾ, ಇತ್ತಾಳೆ ಓಲೆ!" ಎಂದು ನಗುತ್ತಿದ್ದರು. ಅವಳು ಒಂದು ದಿನವೂ ಗಂಡನ ಮೇಲೆ ಸಿಡುಕಿದವಳಲ್ಲ. "ನಮ್ಮೆಜಮಾನ್ರು ಅಂತೋರಲ್ಲ" ಎಂದು ಸೆರಗು ಹೊದ್ದು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಇದನ್ನು ಯಾರೋ ಸೊಣ್ಣಪ್ಪನಿಗೆ ಹೇಳಿದಾಗ ಅವನು ಹಿತ್ತಲಿಗೆ ಹೋಗಿ ಅತ್ತುಬಿಟ್ಟಿದ್ದ.

ಇನ್ನು ಆ ಮೂಸೆ ಯಾಕೆ ಬಂತು ಎಂದರೆ, ಅದಕ್ಕೆ ಕಾರಣ ಶ್ರೀರಾಮಪ್ಪ. ಹುಟ್ಟಿದ್ದು ಕ್ಯಾಸಂಬಳ್ಳಿ, ಓದಿ ವಿಜ್ಞಾನಿಯಾಗಿ ಬೆಂಗಳೂರಿನ ಒಂದು ಪ್ರಯೋಗಶಾಲೆ ಸೇರಿಕೊಂಡವರು. ಎಂಬತ್ತನೇ ಇಸವಿಯ ಸುಮಾರಿಗೆ ಗಣಿಯ ಕುಲುಮೆಗಳನ್ನು ನೋಡಲು ಬಂದಿದ್ದಾಗ ಪರದೇಶದ ಒಂದು ಕಪ್ಪು ತುಂಡನ್ನು ಸೊಣ್ಣಪ್ಪನ ಕೈಗಿಟ್ಟರು. ಇಟ್ಟಿಗೆಯಷ್ಟು ದಪ್ಪವಿದ್ದ ಆ ತುಂಡು ಹಪ್ಪಳದಷ್ಟು ಹಗುರ. ಮೈಯೆಲ್ಲ ಸಣ್ಣ ಸಣ್ಣ ತೂತು. "ಇದು ಇಂಗಾಲದ ನೊರೆ ಸೊಣ್ಣಪ್ಪನವರೇ. ಈ ಕಡೆ ಕೆಂಪಗೆ ಕಾಯಿಸಿದರೂ ಆ ಕಡೆ ಕೈಯಲ್ಲಿ ಹಿಡಿಯಬಹುದು. ಕುಲುಮೆಗೆ ಒಳಗವಚ ಹಾಕಿದರೆ ಶಾಖ ಆಚೆ ಹೋಗಲ್ಲ. ಎಲ್ಲ ಹೊರದೇಶದಿಂದ ತರಿಸಬೇಕು. ನಮ್ಮ ಹೊಲದಲ್ಲಿ ಬಿದ್ದಿರೋ ಕಸದಿಂದಲೇ ಇದನ್ನ ಮಾಡೋಕೆ ಆಗಲ್ವೇ ಅಂತ ನನಗೊಂದು ಹುಚ್ಚು" ಎಂದರು. ಸೊಣ್ಣಪ್ಪ ಆ ತುಂಡನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದ. ಟಿಣ್ ಅಂದಿತು. ಆ ಟಿಣ್ ಅವನ ತಲೆಯೊಳಗೆ ಹೊಕ್ಕದ್ದು ಮತ್ತೆ ಹೊರಡಲಿಲ್ಲ.

ಕೆಲಸ ಬಿಟ್ಟು ಊರಿಗೆ ಬಂದವನೇ ಹಿತ್ತಲಲ್ಲಿ ಗುಂಡಿ ತೋಡಿದ. ಹುಣಿಸೆ ಹಣ್ಣಿಗೆ ನಮ್ಮ ಕಡೆ ಏನು ಬರವೇ? ಬೀಜದ ಮೇಲಿನ ಕೆಂಪು ಸಿಪ್ಪೆಯನ್ನು ಯಾರೂ ಮೂಸುವುದೂ ಇಲ್ಲ. ಬಂಗಾರಪೇಟೆಯ ಮಂಡಿಗಳ ಹಿಂದೆ ರಾಶಿ ಬಿದ್ದಿದ್ದನ್ನು ಬಾಚಿ ತಂದು ಕುದಿಸಿದರೆ ಅಂಟಂಟಾದ ಕೆಂಪು ಕಷಾಯ ಇಳಿಯುತ್ತದೆ. ಅದಕ್ಕೆ ಕಡಲೆಕಾಯಿ ಸಿಪ್ಪೆಯ ಪುಡಿ, ರಾಗಿ ಹೊಟ್ಟು, ಆಲೆಮನೆಯವರು ಎಸೆಯುವ ಬೆಲ್ಲದ ಮಡ್ಡಿ. ಕಲಸಿ ಬಿಸ್ಕತ್ತಿನ ಡಬ್ಬಿಗೆ ಸುರಿದು ಒಣಗಿಸಿ, ಮೂಸೆಯಲ್ಲಿ ಮರಳಿನ ನಡುವೆ ಹುಗಿದು, ಮುಚ್ಚಳಕ್ಕೆ ಕೆಮ್ಮಣ್ಣು ಮೆತ್ತಿ, ಗಾಳಿ ಆಡದ ಹಾಗೆ ಸುಡಬೇಕು. ಹೇಳುವುದಕ್ಕೆ ಎಷ್ಟು ಸಲೀಸು! ಮೊದಲು ಬಂದದ್ದೆಲ್ಲ ಸುಟ್ಟ ರೊಟ್ಟಿಯ ಹಾಗೆ ಗಟ್ಟಿ. ಒಂದು ಸಲ ಚೆನ್ನಾಗಿ ಬಂದಿತ್ತು, ತಡೆಯಲಾರದೆ ಬಿಸಿಯಲ್ಲೇ ಮುಚ್ಚಳ ತೆಗೆದ. ಗಾಳಿ ತಾಗಿದ್ದೇ ತಡ, ಕಣ್ಣೆದುರಿಗೇ ಧಗಧಗ ಹೊತ್ತಿಕೊಂಡು ಹಿಡಿ ಬೂದಿಯಾಯಿತು. ಅವನು ಮೂಸೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅದರ ವಂಶವನ್ನೆಲ್ಲ ಬೈದ.

ನೊರೆ ಏಳಿಸುವ ಉಪಾಯ ಹೊಳೆದದ್ದು ನಾಲಗೆಯಿಂದ. ಗಣಿಯಲ್ಲಿ ಜೊತೆ ಪಾಳಿಯವನಾಗಿದ್ದ ತಮಿಳರವನ ಮನೆಯಲ್ಲಿ ಆಪ್ಪಂ ಅನ್ನುವ ಮೆತ್ತನೆ ದೋಸೆ ತಿಂದಿದ್ದು ನೆನಪಾಯಿತು. ಅದರ ಹಿಟ್ಟಿಗೆ ಅವನ ಹೆಂಡತಿ ಒಂದು ಲೋಟ ಸೇಂದಿ ಬೆರೆಸಿ ಇಡುತ್ತಿದ್ದಳು, ಬೆಳಗ್ಗೆ ನೋಡಿದರೆ ಹಿಟ್ಟು ಉಬ್ಬಿ ಪಾತ್ರೆಯಿಂದಾಚೆ ಬಂದಿರುತ್ತಿತ್ತು. ಹೆಂಡದ ವಾಸನೆಗೇ ಮುಖ ತಿರುಗಿಸುವ ಸೊಣ್ಣಪ್ಪ ಸೇಂದಿ ಅಂಗಡಿಯ ಮುಂದೆ ಕ್ಯಾನು ಹಿಡಿದು ನಿಂತ. ಕಲಸಿದ್ದಕ್ಕೆ ಸೇಂದಿ ಹುಯ್ದ. ಉಬ್ಬಿತು ಸ್ವಾಮೀ! ಅದನ್ನು ನೆರಳಲ್ಲಿ ಒಣಗಿಸಿ, ಸುಟ್ಟು, ಪೂರಾ ತಣ್ಣಗಾಗುವ ತನಕ ಕೈಕಟ್ಟಿ ಕೂತು, ಆಮೇಲೆ ಮುಚ್ಚಳ ತೆಗೆದರೆ ಒಳಗೆ ಕರಿ ಇಡ್ಲಿಯ ಹಾಗೆ ಕೂತಿತ್ತು. ಹಗುರ, ತೂತು ತೂತು. ಉಗುರಿಂದ ತಟ್ಟಿದ. ಟಿಣ್. "ಮುನಿನಾರಾಯಣೀ!" ಎಂದು ಅವನು ಕೂಗಿದ ಕೂಗಿಗೆ ಪಕ್ಕದ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡಿತು.

ಅವನು ಅದಕ್ಕೆ ನೊರೆ ಇಜ್ಜಲು, ಅಂದರೆ ನೊರೆಯಂಥ ಇದ್ದಿಲು, ಎಂದು ಹೆಸರಿಟ್ಟ. ಊರಿನ ಬಾಯಲ್ಲಿ ಅದು ಚಿನ್ನದ ಇಟ್ಟಿಗೆ. ಗಣಿಯ ಸುತ್ತಲ ಊರುಗಳಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಒಂದು ವಿದ್ಯೆ ಗೊತ್ತು: ಚಿನ್ನ ಕರಗಿಸಿದ ಮಡಕೆ ಚೂರು, ಕುಲುಮೆಯ ಇಟ್ಟಿಗೆ, ಅಕ್ಕಸಾಲಿಯ ಅಂಗಡಿಯ ಕಸ, ಇವೆಲ್ಲ ಚಿನ್ನ ಕುಡಿದಿರುತ್ತವೆ. ಕುಟ್ಟಿ ನೀರಲ್ಲಿ ಜಾಲಿಸಿದರೆ ಕಸ ತೇಲಿಹೋಗಿ ಚಿನ್ನ ತಳದಲ್ಲಿ ನಿಲ್ಲುತ್ತದೆ. ಹಾಗಿರುವಾಗ ಮೈತುಂಬ ಬಾಯಿ ತೆರೆದಿರುವ ಈ ಕಪ್ಪು ಇಟ್ಟಿಗೆ ಎಷ್ಟು ಕುಡಿದಿರಬೇಡ? ಗಣಿಯಿಂದ ಅದಿರಿನ ಪುಡಿ ಯಾವ ದಾರಿಯಲ್ಲೋ ಬರುತ್ತದೆ, ಸೊಣ್ಣಪ್ಪ ಅದನ್ನು ಕರಗಿಸಿ ಇದಕ್ಕೆ ಕುಡಿಸಿ ಬಚ್ಚಿಡುತ್ತಾನೆ ಎಂದು ಲೆಕ್ಕ ಹಾಕಿದರು.

"ವಾಸ್ನೆನೇ ಏಳ್ತದಲ್ಲಣ್ಣಾ, ಚಿನ್ನ ಕರಗೋ ವಾಸ್ನೆ" ಎಂದ ಟೀ ಅಂಗಡಿಯ ಚಿಕ್ಕವೆಂಕಟಪ್ಪ.

"ಚಿನ್ನಕ್ಕೆ ವಾಸ್ನೆ ಇರಲ್ಲ ಕಣಯ್ಯಾ! ನಾನು ಕರಗಿಸ್ದೋನು ಏಳ್ತಾ ಇದೀನಿ!" ಎಂದು ಸೊಣ್ಣಪ್ಪ ಕಿರುಚಿದ.

"ನೋಡಿದ್ರಾ, ಅವರೇ ಒಪ್ಕೊಂಡ್ರು" ಎಂದು ಚಿಕ್ಕವೆಂಕಟಪ್ಪ ಎಲ್ಲರ ಮುಖ ನೋಡಿದ.

ಮಜಾ ಏನೆಂದರೆ ಕಳ್ಳನೆಂದು ತಿಳಿದ ಮೇಲೆ ಅವನಿಗೆ ಮರ್ಯಾದೆ ಹೆಚ್ಚಾಯಿತು. ಇಷ್ಟು ದಿನ 'ಏಯ್ ಸೊಣ್ಣಪ್ಪ' ಎನ್ನುತ್ತಿದ್ದವರು "ಏಮ್ ಸೊಣ್ಣಪ್ಪಣ್ಣಾ, ಬಾಗುನ್ನಾವಾ?" ಎಂದು ತೆಲುಗಿನಲ್ಲಿ ಯೋಗಕ್ಷೇಮ ವಿಚಾರಿಸತೊಡಗಿದರು. ಪಂಚಾಯ್ತಿ ಕಟ್ಟೆಯಲ್ಲಿ ಜಾಗ ಬಿಟ್ಟುಕೊಟ್ಟರು. ಪ್ರಾಮಾಣಿಕನಾಗಿ ಬದುಕಿದ ಅಷ್ಟು ವರ್ಷ ಯಾವ ಬಡ್ಡೀಮಗನೂ ಎದ್ದು ಜಾಗ ಬಿಟ್ಟಿರಲಿಲ್ಲ. ಸೊಣ್ಣಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಬಿಟ್ಟ ಜಾಗದಲ್ಲಿ ಕೂರದೆ ನಿಂತೇ ಮಾತಾಡಿ ಬರುತ್ತಿದ್ದ. ಅದನ್ನು ನೋಡಿ ಎಷ್ಟು ವಿನಯ ಎಂದು ಜನ ಇನ್ನಷ್ಟು ಬಗ್ಗಿದರು.

ಮನೆಯೊಳಗೆ ಮಾತ್ರ ನೆಮ್ಮದಿ. ಮುನಿನಾರಾಯಣಮ್ಮ ಗಂಡನಿಗಿಂತ ಹೆಚ್ಚು ದುಡಿದಳು. ಸಿಪ್ಪೆ ಕುಟ್ಟಿ ಕುಟ್ಟಿ ಅಂಗೈ ಬೊಬ್ಬೆ ಬಂದಿತ್ತು. ಗುಂಡಿಯ ಸುತ್ತ ಯಾರನ್ನೂ ಕಸ ಗುಡಿಸಲು ಬಿಡಳು, ತಾನೇ ಗುಡಿಸಿ, ಬೂದಿಯನ್ನೂ ಪುಡಿಯನ್ನೂ ಒಂದು ಗುಡಾಣಕ್ಕೆ ತುಂಬಿಡುತ್ತಿದ್ದಳು. ಯಾಕೆ ಎಂದರೆ "ಪಾತ್ರೆ ತಿಕ್ಕಕ್ಕೆ" ಎಂದಳು. ಬಾವಿಕಟ್ಟೆಯಲ್ಲಿ ಹೆಂಗಸರು ಕೇಳಿದರೆ "ಬರೀ ಇಜ್ಜಲು ಕಣಕ್ಕಾ. ಉಣಿಸೆ ಸಿಪ್ಪೆ, ಕಡ್ಲೆಕಾಯಿ ಸಿಪ್ಪೆ, ಅಷ್ಟೇಯ. ನಮ್ಮೆಜಮಾನ್ರು ಏಳಿದ್ಮೇಲೆ ಮುಗೀತು" ಎಂದು ಕಣ್ಣು ಕೆಳಗೆ ಹಾಕುತ್ತಿದ್ದಳು. ಊರೆಲ್ಲ ಒಂದು ಕಡೆಯಾದರೂ ಇವಳೊಬ್ಬಳು ನನ್ನ ಕಡೆ ಎಂದು ಸೊಣ್ಣಪ್ಪ ಎದೆ ಉಬ್ಬಿಸಿಕೊಂಡ. ಒಂದು ತುಂಡಿನ ಮೂಲೆ ಮುರಿದಿತ್ತು, ಅದನ್ನು ಹಿಮ್ಮಡಿ ಉಜ್ಜಿಕೊಳ್ಳಲೆಂದು ಬಚ್ಚಲಿಗೆ ಕೊಟ್ಟ. ಅವನು ಹೆಂಡತಿಗೆ ಪ್ರೀತಿಯಿಂದ ಕೊಟ್ಟ ಉಡುಗೊರೆ ಅಂದರೆ ಅದೇ.

ಶ್ರೀರಾಮಪ್ಪನವರಿಗೆ ಸುದ್ದಿ ಹೋಯಿತು. ಸೋಮವಾರ ಬರುತ್ತೇನೆ, ಒಂದೇ ಅಳತೆಯ ಒಳ್ಳೆಯ ತುಂಡುಗಳನ್ನು ತೆಗೆದಿಡಿ, ಪರೀಕ್ಷೆಯಲ್ಲಿ ಗೆದ್ದರೆ ಬಂಗಾರಪೇಟೆಯಲ್ಲೇ ಒಂದು ಶೆಡ್ಡು ಹಾಕಿ ನಿಮ್ಮ ಕೈಗೇ ಒಪ್ಪಿಸೋಣ ಎಂದು ಹೇಳಿ ಕಳಿಸಿದರು. ಶೆಡ್ಡು ಬಂದರೆ ಊರಿನವರು ಬಂದು ನೋಡುತ್ತಾರೆ, ಇದು ಇಜ್ಜಲೇ ಎಂದು ಅವರ ಬಾಯಿಂದಲೇ ಹೇಳುತ್ತಾರೆ. ಸೊಣ್ಣಪ್ಪನಿಗೆ ಬೇಕಾಗಿದ್ದು ಅಷ್ಟೇ. ಆರಿಸಿದ ತುಂಡುಗಳನ್ನು ಕುಕ್ಕೆಯಲ್ಲಿ ಹುಲ್ಲು ಹಾಸಿ ಅಟ್ಟದ ಮೇಲೆ, ರಾಗಿ ಮೂಟೆಯ ಹಿಂದೆ ಇಟ್ಟ. ಜಾಗ ಗೊತ್ತಿದ್ದದ್ದು ಅವನಿಗೂ ಹೆಂಡತಿಗೂ ಮಾತ್ರ.

ಭಾನುವಾರ ಬೆಳಗ್ಗೆ ಬಂಗಾರಪೇಟೆಗೆ ಹೋಗಿ ಕ್ಷೌರ ಮಾಡಿಸಿಕೊಂಡು ಬಂದ. ಅಟ್ಟ ಹತ್ತಿ ನೋಡಿದರೆ ಕುಕ್ಕೆಯೇ ಇಲ್ಲ.

"ಯಾರು ಬಂದಿದ್ರೇ?"

"ನಮ್ಮ ಜಯರಾಮ ಬಂದು ಓದ" ಎಂದಳು ಮುನಿನಾರಾಯಣಮ್ಮ, ಒಲೆಯ ಕಡೆ ತಿರುಗಿಕೊಂಡೇ.

ಜಯರಾಮಪ್ಪ ಎಂದರೆ ಅವಳ ತಮ್ಮ. ಕಾಮಸಮುದ್ರದವನು, ಒಂದು ಕೆಲಸವನ್ನೂ ಪೂರ್ತಿ ಮಾಡದ ಆಸಾಮಿ. ಸೊಣ್ಣಪ್ಪ ಸೈಕಲ್ ತುಳಿದುಕೊಂಡು ಓಡಿದ. ದೂರ ಹೋಗಬೇಕಾಗಿ ಬರಲಿಲ್ಲ. ಊರಾಚೆಯ ಕೆರೆಯ ತೂಬಿನ ಹತ್ತಿರ ಜಯರಾಮಪ್ಪ ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಲ್ಲಿ ನಿಂತಿದ್ದ. ದಡದಲ್ಲಿ ಒಂದು ಒರಳುಕಲ್ಲು, ಪಕ್ಕದಲ್ಲಿ ಖಾಲಿ ಕುಕ್ಕೆ. ಕೈಯಲ್ಲಿ ಜಾಲಿಸುವ ಮರಿಗೆ. ಕುಟ್ಟಿದ ಪುಡಿಯನ್ನು ಹಾಕುತ್ತಾನೆ, ತಿರುಗಿಸುತ್ತಾನೆ, ಎಲ್ಲವೂ ಮೇಲಕ್ಕೆ ಬಂದು ತೇಲಿ ಹೋಗುತ್ತದೆ. ಮತ್ತೆ ಹಾಕುತ್ತಾನೆ, ಮತ್ತೆ ತೇಲುತ್ತದೆ. ಮರಿಗೆಯ ತಳ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಕಾಲುವೆಯ ಉದ್ದಕ್ಕೂ ಸೊಣ್ಣಪ್ಪನ ಅಷ್ಟು ತಿಂಗಳ ಬದುಕು ಕರೀ ನೊರೆಯಾಗಿ ಯಾರದೋ ಗದ್ದೆಗೆ ಹರಿದು ಹೋಗುತ್ತಿತ್ತು.

"ತೇಲೋದೇ ಕಣ್ಲಾ ಅದ್ರ ಗುಣ! ಅಯ್ಯೋ ಮನೆ ಆಳಾಗೋಗಾ! ತೇಲಲಿ ಅಂತ್ಲೇ ಮಾಡಿದ್ದು ಕಣ್ಲಾ!" ಎಂದು ಸೊಣ್ಣಪ್ಪ ಸೈಕಲ್ಲನ್ನು ಎಸೆದು ನೀರಿಗೆ ಬಿದ್ದ.

ಜಯರಾಮಪ್ಪನಿಗೆ ನಾಚಿಕೆಯಾಯಿತೆಂದುಕೊಂಡಿರಾ? ಎಲ್ಲಿ ಬಂತು! ಅವನಿಗೇ ಸಿಟ್ಟು. "ಬಾವಾ, ನಿನ್ನಂತ ಬೆರಕಿನ ನಾನೆಲ್ಲೂ ನೋಡಿಲ್ಲ. ಚಿನ್ನ ಎಲ್ಲಾ ಮೊದ್ಲೇ ಇಂಡ್ಕೊಂಡು ಬರೀ ಸಿಪ್ಪೆ ಇಟ್ಟಿದೀಯಲ್ಲಾ. ನಾವೇನು ಬೇರೆಯೋರಾ? ಸ್ವಂತ ಬಾವಮೈದನ್ಗೂ ಇಂಗೆ ಮಾಡೋದಾ?" ಎಂದು ಕಣ್ಣಲ್ಲಿ ನೀರು ತಂದುಕೊಂಡ. ಸೊಣ್ಣಪ್ಪ ನೆನೆದ ಪಂಚೆಯಲ್ಲಿ, ಹೊಸ ಕ್ಷೌರದ ತಲೆ ಹಿಡಿದುಕೊಂಡು ದಡದಲ್ಲಿ ಕೂತ. ಒಂದು ತುಂಡೂ ಉಳಿದಿರಲಿಲ್ಲ.

ಸೋಮವಾರ ಜೀಪು ಬಂದೇ ಬಂತು. ಹಿಂದೆಯೇ ಊರಿಗೆ ಊರೇ ಬಂತು. ಶ್ರೀರಾಮಪ್ಪ ಇಳಿದು "ಎಲ್ಲಿ, ತೋರಿಸಿ" ಎಂದರು. ಸೊಣ್ಣಪ್ಪನಿಗೆ ತಟ್ಟನೆ ಬಚ್ಚಲಿನ ನೆನಪಾಯಿತು. ಓಡಿಹೋಗಿ ಹಿಮ್ಮಡಿ ಉಜ್ಜುವ ತುಂಡನ್ನು ತಂದು, ಪಂಚೆಯಲ್ಲಿ ಸೀಗೆಪುಡಿ ಒರೆಸಿ ಕೊಟ್ಟ. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಸೇಂದಿ, ಆಪ್ಪಂ, ಮೂಸೆ, ಬಾವಮೈದ, ತೂಬು, ಎಲ್ಲ. ಶ್ರೀರಾಮಪ್ಪ ನಡುವೆ ಬಾಯಿ ಹಾಕದೆ ಕೇಳಿ "ಹೌದಾ? ಸರಿ" ಎಂದರು. ಅಷ್ಟೇ. 'ಹೌದಾ, ಸರಿ.' ಇಷ್ಟು ಸುಲಭವೇ ಇದು! ಇದಕ್ಕೆ ಇಷ್ಟು ವರ್ಷ ಕಾಯಬೇಕಾಯಿತೇ!

ಅವರು ಸೀಮೆಎಣ್ಣೆಯ ಊದುದೀಪ ಹಚ್ಚಿದರು. ಇಕ್ಕಳ ಹುಡುಕುತ್ತಿದ್ದಂತೆ ಸೊಣ್ಣಪ್ಪ "ಇಕ್ಕಳ ಯಾಕೆ ಸಾರ್" ಎಂದು ತುಂಡನ್ನು ತನ್ನ ಅಂಗೈಯ ಮೇಲಿಟ್ಟು ಕೈ ಚಾಚಿದ. ಶ್ರೀರಾಮಪ್ಪ ಒಂದು ಗಳಿಗೆ ಅವನ ಮುಖ ನೋಡಿದರು. ಆಮೇಲೆ ಜ್ವಾಲೆ ಹಿಡಿದರು. ತುಂಡಿನ ಮೇಲ್ಮೈ ಕೆಂಡದ ಹಾಗೆ ಕೆಂಪಾಯಿತು. ಸೊಣ್ಣಪ್ಪ ರೆಪ್ಪೆ ಮಿಟುಕಿಸಲಿಲ್ಲ. ಅಂಗೈ ತಣ್ಣಗಿತ್ತು.

ಇಡೀ ಊರು ಉಸಿರು ಬಿಗಿಹಿಡಿದು ನೋಡಿತು. ನೋಡಿದ್ದು ಆ ಬೆಂಕಿಯನ್ನಲ್ಲ, ಅವನ ಅಂಗೈಯನ್ನೂ ಅಲ್ಲ. ತುಂಡಿನ ಕೆಳಗೆ, ಚಿನ್ನ ಯಾವಾಗ ತೊಟ್ಟಿಕ್ಕುತ್ತದೋ ಎಂದು. ಚಿಕ್ಕವೆಂಕಟಪ್ಪ ಬಗ್ಗಿ ಕೈಯಡಿಯೇ ಇಣುಕಿದ.

ಏನೂ ತೊಟ್ಟಿಕ್ಕಲಿಲ್ಲ. "ಭೇಷ್ ಸೊಣ್ಣಪ್ಪನವರೇ! ಇನ್ನೊಂದು ಕುಕ್ಕೆ ಮಾಡಿಡಿ, ಬಂದು ಒಯ್ತೀನಿ" ಎಂದು ಶ್ರೀರಾಮಪ್ಪ ಸಂತೋಷದಿಂದ ಅವನ ಬೆನ್ನು ತಟ್ಟಿದರು. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ತುಂಡು ದಾರಿಯಲ್ಲಿ ಪುಡಿಯಾಗಬಾರದಲ್ಲ? ಜೀಪಿನಿಂದ ಒಂದು ಕಬ್ಬಿಣದ ಪೆಟ್ಟಿಗೆ ತರಿಸಿದರು. ಒಳಗೆ ಹತ್ತಿಯ ಹಾಸು. ಅದರ ನಡುವೆ ತುಂಡನ್ನು ಮಗುವನ್ನು ಮಲಗಿಸುವಂತೆ ಇಟ್ಟು, ಮೇಲೆ ಹತ್ತಿ ಹೊದಿಸಿ, ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಒಳಜೇಬಿಗೆ ಇಳಿಸಿಕೊಂಡರು. ಹಿಮ್ಮಡಿ ಉಜ್ಜುವ ಕಲ್ಲಿಗೆ ಬೀಗ! ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೀಪು ಹೊರಟಾಗ ಚಿಕ್ಕವೆಂಕಟಪ್ಪ ಸೊಣ್ಣಪ್ಪನಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ.

ಸೊಣ್ಣಪ್ಪನಿಗೆ ಈಗ ಅದ್ಯಾವುದೂ ನಾಟಲಿಲ್ಲ. ಊರು ಏನಾದರೂ ಅಂದುಕೊಳ್ಳಲಿ. ಹೊರಗೆ ಒಬ್ಬ ನಂಬಿದ, ಒಳಗೆ ಒಬ್ಬಳು ಮೊದಲಿಂದ ನಂಬಿದ್ದಾಳೆ. ಇಬ್ಬರು ಸಾಕಲ್ಲ ಒಬ್ಬ ಮನುಷ್ಯನಿಗೆ? ಹೊತ್ತು ಇಳಿಯುವ ಮುಂಚೆ ಹಿತ್ತಲಿಗೆ ಬಂದು, ಹಾಡು ಗುನುಗುತ್ತಾ ಮೂಸೆಯ ಮರಳು ತೆಗೆಯತೊಡಗಿದ. ನಾಳೆಯೇ ಮತ್ತೆ ಶುರು ಮಾಡಬೇಕು.

ಮುನಿನಾರಾಯಣಮ್ಮ ಕಾಫಿ ತಂದಳು. ಲೋಟ ಕೊಟ್ಟವಳು ಹೋಗಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ನಿಂತಳು.

"ಏನಂದ್ರೆ, ಕೋಪ ಮಾಡ್ಕೋಬಾರ್ದು" ಎಂದಳು. "ಕುಕ್ಕೇನ ತಮ್ಮನ ಕೈಗೆ ನಾನೇ ಕೊಟ್ಟಿದ್ದು."

ಸೊಣ್ಣಪ್ಪ ಲೋಟ ಕೆಳಗಿಟ್ಟ.

"ನೀವು ಸಾದು ಮನ್ಷ. ಆ ಬೆಂಗ್ಳೂರೋರು ಕೇಳಿದ್ ತಕ್ಷಣ ಎಲ್ಲಾನೂ ಎತ್ ಕೊಟ್ಬಿಡ್ತೀರಾ ಅಂತ ಎದ್ರಿಕೆ ಆಯ್ತು. ಅದ್ಕೇ ಜಾಲಿಸ್ಕೊಂಡು ಬಾ ಅಂದೆ. ಅವನಿಗೇನೂ ಸಿಗಲಿಲ್ವಂತೆ. ಆ ಗುಡಾಣದ ಬೂದೀನೂ ನಾನು ಜಾಲಿಸಿ ನೋಡ್ದೆ, ಅದ್ರಲ್ಲೂ ಇಲ್ಲ." ಅವಳು ಹತ್ತಿರ ಬಂದು ದನಿ ತಗ್ಗಿಸಿದಳು. "ಇಷ್ಟ್ ವರ್ಸ ಊರೋರ ಮುಂದೆ, ತೌರೋರ ಮುಂದೆ ನಿಮ್ ಮಾತ್ನ ನಾನು ಕಾಪಾಡ್ಕೊಂಡು ಬಂದಿಲ್ವಾ? ಬಾಯ್ ಬಿಟ್ಟಿದೀನಾ ಯಾರತ್ರನಾದ್ರೂ? ಈಗ ನನಗೊಬ್ಳಿಗೆ ಏಳಿ. ಎಲ್ಲಿಟ್ಟಿದೀರಾ? ಜಾಸ್ತಿ ಬೇಡ. ಕಿವಿಗೊಂದು ಜೊತೆ ಓಲೆಗಾಗೋಷ್ಟು."

ಅವಳ ಕಣ್ಣಲ್ಲಿ ಮೋಸವಿರಲಿಲ್ಲ. ಪ್ರೀತಿಯೇ ಇತ್ತು. ಕಳ್ಳ ಗಂಡನನ್ನು ಇಷ್ಟು ವರ್ಷ ಬಾಯಿ ಬಿಡದೆ ಕಾಪಾಡಿದ ಹೆಂಡತಿಯ ಹೆಮ್ಮೆಯೂ ಇತ್ತು. ಹಿತ್ತಾಳೆಯ ಓಲೆ ಸಂಜೆ ಬಿಸಿಲಿಗೆ ಹಳದಿಯಾಗಿ ಕಾಣುತ್ತಿತ್ತು. ಹೇಳಬೇಕಾದ್ದನ್ನೆಲ್ಲ ಅವನು ಆಗಲೇ ಹೇಳಿ ಮುಗಿಸಿದ್ದ. ಮೆಲ್ಲಗೆ ಎದ್ದು, ಮರಳಿನ ಕೈಯನ್ನು ಪಂಚೆಗೆ ಒರೆಸಿಕೊಂಡ. ಹೆಂಡತಿಯ ಎದುರಿಗೆ ನೆಟ್ಟಗೆ ನಿಂತು ಎರಡೂ ಕೈ ಮೇಲಕ್ಕೆತ್ತಿದ. ಬಾಯಿ ಅಗಲವಾಗಿ ತೆರೆದ. ನಾಲಗೆ ಎತ್ತಿ ತೋರಿಸಿದ.

ಮುನಿನಾರಾಯಣಮ್ಮ ಒಂದು ಹೆಜ್ಜೆ ಮುಂದೆ ಬಂದು, ಅವನ ಗದ್ದ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿಕೊಂಡು, ಬಗ್ಗಿ ನೋಡಿದಳು.